ಸ್ಟೀಲ್ ತಟ್ಟೆಗಳ ನಡುವೆ ಒಂದು ಹಾಡು

ಮಸ್ಕತ್ ವಿಮಾನ ನಿಲ್ದಾಣ

ಎರಡು ಸ್ಟೀಲ್ ತಟ್ಟೆಗಳು. ಅವುಗಳ ನಡುವೆ ಹಳೆಯ ಲಂಗದ ಬಟ್ಟೆಯಲ್ಲಿ ಸುತ್ತಿದ ಒಂದು ಚಿಕ್ಕ ಗ್ರಾಮಫೋನ್ ರೆಕಾರ್ಡು. ಹೊರಗಿನಿಂದ ಬಿಗಿಯಾಗಿ ರೋಲರ್ ಬ್ಯಾಂಡೇಜು. ಹೀಗೆ ಕಟ್ಟಿದ ಗಂಟನ್ನು ಕೈಚೀಲದಲ್ಲಿಟ್ಟುಕೊಂಡು ಮಸ್ಕತ್ತಿನಲ್ಲಿ ಇಳಿದರೆ ಎಕ್ಸ್‌ರೇ ಯಂತ್ರದ ಮುಂದೆ ಕುಳಿತ ಅಧಿಕಾರಿಗೆ ಅನುಮಾನ ಬಾರದೆ ಇರುತ್ತದೆಯೇ? ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು.

"ಮಾಜಿ, ಇಸ್ ಮೇಂ ಕ್ಯಾ ಹೈ?" ಎಂದು ಆ ಒಮಾನಿ ತರುಣ ಶುದ್ಧ ಹಿಂದಿಯಲ್ಲಿ ಕೇಳಿದ. ಅವನ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು.

ಹಾಡು ಎಂದೆ. ಅವನು ನಂಬಲಿಲ್ಲ. ಬ್ಯಾಂಡೇಜು ಬಿಚ್ಚಿದೆ. ಬಿಚ್ಚುವಾಗಲೇ ಸುತ್ತುತ್ತ ಬಂದೆ. ಬಿಚ್ಚಿದ ಬ್ಯಾಂಡೇಜನ್ನು ರಾಶಿ ಹಾಕುವುದು ನನಗೆ ಆಗದು. ನಾನು ಜೀವಮಾನವೆಲ್ಲ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು, ಮೇಟ್ರನ್ ಆಗಿ ನಿವೃತ್ತಳಾದವಳು. ಹಿಂದೆ ಸರತಿಯಲ್ಲಿ ನಿಂತವರು ಗೊಣಗಿದರೂ ಆ ತರುಣ ಗೊಣಗಲಿಲ್ಲ. ರೆಕಾರ್ಡು ಹೊರಬಂದಾಗ ಅದನ್ನು ಎರಡೂ ಅಂಗೈಗಳ ಅಂಚಿನಲ್ಲಿ, ಬೆರಳು ತಾಗದ ಹಾಗೆ ಹಿಡಿದ. ಹಿಡಿಯುವ ಕ್ರಮ ಗೊತ್ತಿದ್ದವರ ಮನೆಯ ಹುಡುಗ.

"ನಮ್ಮ ಅಜ್ಜನ ಹತ್ತಿರ ಇತ್ತು. ಝಾಂಜಿಬಾರ್‌ನಿಂದ ತಂದದ್ದು. ಆದರೆ ಇದಕ್ಕೆ ಇಷ್ಟು ದೊಡ್ಡ ತೂತು ಯಾಕೆ?" ಎಂದು ನಡುವಿನ ತೂತಿನಿಂದ ನನ್ನನ್ನೇ ನೋಡಿದ.

"ಅಮೆರಿಕದ್ದು. ಅಲ್ಲಿ ಹೋಟೆಲುಗಳಲ್ಲಿ ನಾಣ್ಯ ಹಾಕಿದರೆ ಹಾಡುವ ಯಂತ್ರ ಇತ್ತು. ಅದರ ಕೈಗೆ ಸುಲಭವಾಗಿ ಸಿಗಲಿ ಅಂತ ದೊಡ್ಡ ತೂತು" ಎಂದೆ.

"ಇದನ್ನು ಎಲ್ಲಿಗೆ ತೆಗೆದುಕೊಂಡು ಹೋಗುತ್ತೀರಿ?"

"ಹಮ್ರಿಯಾಕ್ಕೆ. ಗೆಳತಿಯ ಮನೆಗೆ."

ತಟ್ಟೆಗಳನ್ನು ಅವನೇ ಮುಚ್ಚಿ ಹಿಡಿದ. ನಾನು ಬ್ಯಾಂಡೇಜು ಸುತ್ತಿದೆ. "ಯಲ್ಲಾ, ಅಮ್ಮಾ", ಹೊರಡಿ ಎಂದು ಬೀಳ್ಕೊಟ್ಟ. ಪರದೇಶದಲ್ಲಿ ನನಗೆ ಮೊದಲು ಸಹಾಯ ಮಾಡಿದವನು ಅವನೇ.

ಹಮ್ರಿಯಾ

ಗೆಳತಿಯ ಹೆಸರು ಫ್ಲೋರಿನ್. ಅವಳ ಮಗಳು ಅನಿತಾ ಕಾರು ತಂದಿದ್ದಳು. ದಾರಿಯುದ್ದಕ್ಕೂ ಬಿಳಿಯ ಕಟ್ಟಡಗಳು, ಗುಡಿಸಿ ಒರೆಸಿದ ರಸ್ತೆ, ಆಚೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟ. ತಪಾಸಣೆಯ ದಿನದ ವಾರ್ಡಿನ ಹಾಸಿಗೆಯ ಹಾಗೆ ಮೂಲೆ ಮಡಚಿ ಇಟ್ಟ ಊರು. ನನಗೆ ಕೂಡಲೇ ಹಿಡಿಸಿತು. ಹಮ್ರಿಯಾ ಮಾತ್ರ ಬೇರೆ. ಅಲ್ಲಿ ದರ್ಜಿ ಅಂಗಡಿ, ಇಸ್ತ್ರಿ ಅಂಗಡಿ, ದೋಸೆಯ ವಾಸನೆ. ಮೆಟ್ಟಿಲ ಬಳಿ ಇಬ್ಬರು ತುಳುವಿನಲ್ಲಿ ಮೀನಿನ ಬಗ್ಗೆ ಜಗಳಾಡುತ್ತಿದ್ದರು. ವಿಮಾನ ಹತ್ತಿದ್ದು ವ್ಯರ್ಥವಾಯಿತೋ ಎಂದು ಒಂದು ಕ್ಷಣ ಅನಿಸಿತು.

ಅನಿತಾ ಫೋನಿನಲ್ಲಿ ಹೇಳಿದ್ದು ಇಷ್ಟು: "ಆಂಟಿ, ಅಮ್ಮ ನಡೆಯುವುದನ್ನು ನಿಲ್ಲಿಸಿಬಿಟ್ಟಿದ್ದಾರೆ. ಬಾತ್‌ರೂಮಿನಲ್ಲಿ ಬಿದ್ದ ಮೇಲೆ ಕುರ್ಚಿ ಬಿಟ್ಟು ಏಳುವುದಿಲ್ಲ. ಮೂಳೆ ಮುರಿದಿಲ್ಲ, ಡಾಕ್ಟರು ನಡೆಸಿ ಅಂತಾರೆ. ಯಾರ ಮಾತೂ ಕೇಳುವುದಿಲ್ಲ. ನಿಮ್ಮ ಮಾತು ಕೇಳಬಹುದು." ನಾನು ಬಂದದ್ದು ಅದಕ್ಕೆ. ಅವಳನ್ನು ಎಬ್ಬಿಸಿ ನಡೆಸುವುದಕ್ಕೆ.

ಫ್ಲೋರಿ ಕಿಟಕಿಯ ಪಕ್ಕ ಕುಳಿತಿದ್ದಳು. ಅವಳದ್ದು ಕೈಕಾಲು ಬಿಗಿಯಾಗುವ ಪಾರ್ಕಿನ್ಸನ್ ಕಾಯಿಲೆ. ಅದು ಮುಖದಿಂದ ನಗುವನ್ನು ಮೊದಲೇ ಎತ್ತಿಕೊಂಡು ಹೋಗುತ್ತದೆ. ಇದನ್ನು ನಾನು ಎಷ್ಟೋ ಬ್ಯಾಚುಗಳ ಹುಡುಗಿಯರಿಗೆ ಪಾಠ ಮಾಡಿದ್ದೇನೆ. ಆದರೂ ಬಾಗಿಲಲ್ಲಿ ನಿಂತವಳು ಅವಳು ನಗಲಿ ಎಂದು ಕಾದೆ.

"ಜಡೆ ಎಲ್ಲಿ?" ಎಂದಳು. ದನಿ ಪಿಸುಮಾತಿನಷ್ಟು.

"ಉದುರಿತು. ನಿನ್ನದು?"

"ಅನಿತಾ ಕತ್ತರಿಸಿದಳು. ಕುರಿಯ ಉಣ್ಣೆ ತೆಗೆದ ಹಾಗೆ."

ಗೋಡೆಗೆ ಒರಗಿಸಿ ಒಂದು ಹೊಸ ವಾಕರ್ ಇತ್ತು. ಹಿಡಿಯ ಪ್ಲಾಸ್ಟಿಕ್ ಹೊದಿಕೆಯನ್ನು ಕೂಡ ಇನ್ನೂ ತೆಗೆದಿರಲಿಲ್ಲ. ನಾನು ಗಂಟನ್ನು ಅವಳ ಮಡಿಲಲ್ಲಿಟ್ಟೆ. ಬಿಚ್ಚಲು ಅವಳ ಬೆರಳಿಗೆ ಆಗಲಿಲ್ಲ. ಆದರೆ ತಟ್ಟೆಯ ಮೇಲೆ ಕೈಯಾಡಿಸಿ, ಕೊಂಕಣಿಯ ಸಲುಗೆಯಲ್ಲಿ ಕರೆದು ಹೇಳಿದಳು: "ರೆಕಾರ್ಡು ತಂದಿಯಾ, ಬಾಯೆ. ಪೆಟ್ಟಿಗೆ ಮಂಚದ ಕೆಳಗೆ ಉಂಟು."

ಪೆಟ್ಟಿಗೆ ಮತ್ತು ರೆಕಾರ್ಡಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ.

ನಾವಿಬ್ಬರೂ ಮಂಗಳೂರಿನ ಒಂದು ನರ್ಸಿಂಗ್ ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು. ಬೆಳಿಗ್ಗೆ ಗಂಟೆ, ಪ್ರಾರ್ಥನೆ, ಡ್ಯೂಟಿ, ಊಟಕ್ಕೆ ಗಂಟೆ, ಮಲಗಲು ಗಂಟೆ. ಫ್ಲೋರಿಯ ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದ. ಒಂದು ಸಲ ರಜೆಯಲ್ಲಿ ಬಂದಾಗ ಸೂಟ್‌ಕೇಸಿನಂಥ ಒಂದು ರೆಕಾರ್ಡ್ ಪ್ಲೇಯರನ್ನೂ, ಅಮೆರಿಕದ ಯಾವುದೋ ಬಂದರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಒಂದು ರೆಕಾರ್ಡನ್ನೂ ತಂಗಿಗೆ ತಂದುಕೊಟ್ಟ. ಉಪ್ಪುನೀರು ಕುಡಿದು ಅದರ ಲೇಬಲ್ಲು ಅಳಿಸಿಹೋಗಿತ್ತು. ಹಾಡಿದವರು ಯಾರು, ಹಾಡಿನ ಹೆಸರೇನು, ಇಂದಿಗೂ ನನಗೆ ಗೊತ್ತಿಲ್ಲ. ಒಬ್ಬ ಗಂಡಸಿನ ಒರಟು ದನಿ, ಗುದ್ದುವ ಪಿಯಾನೊ, ಬೆನ್ನ ಹಿಂದೆ ಗಿಟಾರು. ಶನಿವಾರ ಬರುತ್ತೇನೆ, ಬಾಗಿಲ ಬಳಿ ನಿಂತಿರು ಎಂದು ಯಾರಿಗೋ ಹೇಳುತ್ತಾನೆ. ಅಷ್ಟೇ ಹಾಡು.

ವಾರ್ಡನ್ ಸಿಸ್ಟರ್ ಭಾನುವಾರ ಚಹಾಕ್ಕೆ ಮೊದಲು ಅದನ್ನು ಹಾಕಲು ಅನುಮತಿ ಕೊಟ್ಟರು. ಇಂಗ್ಲಿಷು ಸುಧಾರಿಸಲಿ ಎಂದು. ನಮ್ಮ ಇಂಗ್ಲಿಷು ಸುಧಾರಿಸಲಿಲ್ಲ. ನಾವು ಜೈವ್ ಎಂಬ ಜೋಡಿ ಕುಣಿತ ಕಲಿತೆವು. ಗಂಡುಮಕ್ಕಳು ಇಲ್ಲದ್ದರಿಂದ ಹುಡುಗಿಯರ ಜೊತೆ ಹುಡುಗಿಯರು. ನಾನು ಉದ್ದ ಇದ್ದೆ, ಹಾಗಾಗಿ ನನ್ನದು ಯಾವಾಗಲೂ ಗಂಡಸಿನ ಪಾತ್ರ. ನಾನು ಎಡಗೈ ಚಾಚಬೇಕು, ಅವಳು ಅದನ್ನು ಹಿಡಿಯಬೇಕು.

ದೊಡ್ಡ ತೂತಿನ ರೆಕಾರ್ಡು ನಮ್ಮ ಪ್ಲೇಯರಿನ ಸಣ್ಣ ಕಡ್ಡಿಗೆ ಕೂರುತ್ತಿರಲಿಲ್ಲ. ಅದಕ್ಕೊಂದು ನಡುಬಿಲ್ಲೆ ಬೇಕು. ಅದು ನಮ್ಮಲ್ಲಿ ಇರಲಿಲ್ಲ. ಆಗ ಗಾಜಿನ ಸಲೈನ್ ಬಾಟಲಿಗಳು ಬರುತ್ತಿದ್ದವಲ್ಲ, ಅದರ ರಬ್ಬರ್ ಬಿರಡೆಗೆ ಫ್ಲೋರಿ ಕಾಯಿಸಿದ ಸೂಜಿಯಿಂದ ತೂತು ಕೊರೆದು, ಸುತ್ತ ಅಂಟುಪಟ್ಟಿ ಸುತ್ತಿ ದಪ್ಪ ಮಾಡಿ ಕೂರಿಸಿದಳು. ಹಾಡು ಹಾಡಿತು.

ತರಬೇತಿ ಮುಗಿದು ಕೆಲವು ವರ್ಷಗಳ ನಂತರ ಅವಳು ಮಸ್ಕತ್ತಿಗೆ ಹೊರಟಳು. ಅಲ್ಲಿ ಹೊಸ ಆಸ್ಪತ್ರೆಗಳು ಏಳುತ್ತಿದ್ದ ಕಾಲ. ಹೊರಡುವ ದಿನ ಅವಳೇ ಹೇಳಿದಳು: "ಪೆಟ್ಟಿಗೆ ನಾನು ತೆಗೆದುಕೊಂಡು ಹೋಗುತ್ತೇನೆ, ರೆಕಾರ್ಡು ನೀನು ಇಟ್ಟುಕೋ. ಹಾಡು ಬೇಕಾದರೆ ಯಾರಾದರೂ ಒಬ್ಬಳು ಇನ್ನೊಬ್ಬಳ ಹತ್ತಿರ ಬರಲೇಬೇಕಲ್ಲ." ಅವಳು ರಜೆಗೆ ಬಂದಾಗಲೆಲ್ಲ ಭೇಟಿಯಾಗುತ್ತಿದ್ದೆವು. ಅಷ್ಟು ದೂರ ಪೆಟ್ಟಿಗೆ ಹೊತ್ತು ತರುವುದು ಅವಳಿಗೆ ಆಗಲಿಲ್ಲ. ಬರುತ್ತೇನೆ, ಬರುತ್ತೇನೆ ಎಂದು ನಾನು ಡ್ಯೂಟಿ ಮಾಡುತ್ತ ಉಳಿದೆ.

ಕುರ್ಚಿಯಿಂದ ಬಾಗಿಲಿಗೆ

ಮೊದಲು ನಾನು ನನ್ನ ರೀತಿಯಲ್ಲೇ ಪ್ರಯತ್ನಿಸಿದೆ. ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಏಳುವುದು, ಕೈಕಾಲು ಬಿಡಿಸುವುದು, ನಿಲ್ಲುವುದು, ನಡೆಯುವುದು. ಫ್ಲೋರಿಯನ್ನು ಎಬ್ಬಿಸಿ ನಿಲ್ಲಿಸಿ ವಾಕರ್ ಕೈಗೆ ಕೊಟ್ಟು "ಎಡ, ಬಲ, ಎಡ, ಬಲ" ಎಂದೆ.

ಅವಳ ಪಾದಗಳು ನೆಲಕ್ಕೆ ಅಂಟಿಕೊಂಡವು. ಈ ಕಾಯಿಲೆಯ ಹಠವೇ ಅದು. ಕಾಲಿಗೆ ಶಕ್ತಿ ಇರುತ್ತದೆ, ಶುರುಮಾಡುವುದು ಮಾತ್ರ ಮರೆತುಹೋಗಿರುತ್ತದೆ. ನಾನು ದನಿ ಏರಿಸಿದಷ್ಟೂ ಅವಳು ಗಟ್ಟಿಯಾದಳು.

"ಬಾಯೆ, ನಾನು ನಿನ್ನ ಟ್ರೈನಿ ಅಲ್ಲ," ಎಂದಳು.

"ಟ್ರೈನಿಯಾಗಿದ್ದರೆ ನೀನು ಇಷ್ಟು ಹೊತ್ತಿಗೆ ಕಾರಿಡಾರಿನ ಕೊನೆ ಮುಟ್ಟಿರುತ್ತಿದ್ದೆ."

ಶಾಲೆಯಿಂದ ಬಂದ ಮೊಮ್ಮಗಳು ರಿಯಾ ಚೀಲ ಇಳಿಸುತ್ತ, "ಅಜ್ಜಿ ಇಸ್ ನಾಟ್ ಅ ರೋಬೋಟ್, ಆಂಟಿ" ಎಂದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. ಇಂಗ್ಲಿಷಾದರೂ ಹೇಳಿದ್ದು ಸರಿ ಇತ್ತು.

ಮೂರನೆಯ ದಿನವೂ ಹಾಗೇ ಆದಾಗ ಫ್ಲೋರಿ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿ, "ಸಾಕು ಸುಮ. ಖಲಾಸ್. ನೀನು ನನ್ನನ್ನು ನಡೆಸಲಿಕ್ಕೆ ಬಂದದ್ದಾ, ನೋಡಲಿಕ್ಕೆ ಬಂದದ್ದಾ?" ಎಂದಳು.

ನಾನು ಎದ್ದು ಹೋಗಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರಕ್ಕೆ ತಕ್ಕಂತೆ ಜೋಡಿಸಿಟ್ಟೆ. ನನಗೆ ದುಃಖವಾದಾಗ ನಾನು ಮಾಡುವ ಕೆಲಸ ಅದು. ಆಮೇಲೆ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದೆ.

ವಾದಿ ಕಬೀರ್

ಪೆಟ್ಟಿಗೆಯ ಮುಚ್ಚಳ ತೆರೆದರೆ ಒಳಗೆ ಹಲ್ಲಿ ಮೊಟ್ಟೆ. ತಟ್ಟೆ ತಿರುಗುತ್ತಿರಲಿಲ್ಲ. ಬಿರಡೆ ಎಲ್ಲೋ ಕಳೆದುಹೋಗಿತ್ತು. ಅನಿತಾ ನನ್ನನ್ನು ವಾದಿ ಕಬೀರಿಗೆ ಕರೆದೊಯ್ದಳು. ಅಲ್ಲಿ ಗ್ಯಾರೇಜು, ವೆಲ್ಡಿಂಗು, ಟಯರು. ನಮ್ಮೂರಿನ ಗುಜರಿ ಬೀದಿಯೇ, ಆದರೆ ನಾಯಿಗಳಿಲ್ಲ, ಚಹಾದ ಲೋಟ ಕೇಳದೆಯೇ ಕೈಗೆ ಬರುತ್ತದೆ.

ಸುಟ್ಟ ಮೋಟರಿಗೆ ತಂತಿ ಸುತ್ತಿಕೊಡುವ ಮೊಯ್ದಿನ್ ಉಪ್ಪಿನಂಗಡಿ ಕಡೆಯ ಬ್ಯಾರಿ. ಪೆಟ್ಟಿಗೆ ನೋಡಿದವರೇ, "ಇದೆಂತ ಮಾರಾಯ್ರೆ, ಟಿಫಿನ್ ಕ್ಯಾರಿಯರಾ?" ಎಂದರು.

"ಹಾಡುವ ಪೆಟ್ಟಿಗೆ."

"ಎಂತ ಹಾಡುತ್ತದೆ?"

"ಗೊತ್ತಿಲ್ಲ."

"ಹಾಡಿದವರು?"

"ಅದೂ ಗೊತ್ತಿಲ್ಲ."

"ಭಾಷೆ?"

"ಇಂಗ್ಲಿಷ್."

"ಅಷ್ಟಾದರೂ ಗೊತ್ತುಂಟಲ್ಲ, ಅಲ್‌ಹಮ್ದುಲಿಲ್ಲಾ!" ಎಂದು ಸ್ಕ್ರೂ ಬಿಚ್ಚಲು ಕುಳಿತರು.

ಬೆಲ್ಟು ಪುಡಿಯಾಗಿತ್ತು. ಬೇರೆ ಯಾವುದೋ ಯಂತ್ರದ ಬೆಲ್ಟು ಹುಡುಕಿ ಹಾಕಿದರು. ನಡುಬಿಲ್ಲೆ ಬೇಕು ಎಂದಾಗ ಪಕ್ಕದ ಲೇತ್ ಅಂಗಡಿಗೆ ರೆಕಾರ್ಡನ್ನೇ ಹಿಡಿದುಕೊಂಡು ಹೋಗಿ, ಬಿಳಿಯ ನೈಲಾನ್ ಸರಳಿನಿಂದ ಒಂದು ಬಿಲ್ಲೆ ಕಡೆಸಿಕೊಂಡು ಬಂದರು. "ಅಮ್ಮ, ಕೂದಲಿನಷ್ಟು ವ್ಯತ್ಯಾಸ ಇಲ್ಲ. ತೂತು ಸರೀ ನಡುವಿನಲ್ಲಿ ಉಂಟು." ಅಷ್ಟು ನಯವಾದ ವಸ್ತು. ನನಗೆ ಬಹಳ ಸಂತೋಷವಾಯಿತು. ಸರಿಯಾದ ಅಳತೆಯ ವಸ್ತು ಕಂಡರೆ ನನಗೆ ಯಾವಾಗಲೂ ಹಾಗೇ.

ಬೆಲ್ಟು ಹದವಾಗುವ ತನಕ ಬೆಂಚಿನ ಮೇಲೆ ಕುಳಿತಿದ್ದಾಗ ಹಾಡಿದವನ ಬಗ್ಗೆಯೇ ಯೋಚಿಸಿದೆ. ನಿವೃತ್ತಿಯ ನಂತರ ಲೈಬ್ರರಿಯಲ್ಲಿ ಸಿಕ್ಕಿದ್ದೆಲ್ಲ ಓದಿದ್ದೇನೆ, ಅವನ ಗುರುತು ಹತ್ತಬಹುದೇನೋ ಎಂದು. ಅವನು ಸಿಗಲಿಲ್ಲ. ಅವನ ಊರು ಸಿಕ್ಕಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಿಂದ ಕಪ್ಪು ಜನ ಕಾರ್ಖಾನೆ ಕೆಲಸಕ್ಕಾಗಿ ದೊಡ್ಡ ಊರುಗಳಿಗೆ ಹೋದರು. ಕೋಣೆ ಹಂಚಿಕೊಂಡರು, ಊರಿಗೆ ಹಣ ಕಳಿಸಿದರು, ಶನಿವಾರ ಸಂಜೆ ಒಂದೆಡೆ ಸೇರಿದರು. ಊರಿನಲ್ಲಿ ಜಗಲಿಯ ಮೇಲೆ ಬಾರಿಸುತ್ತಿದ್ದ ಗಿಟಾರು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅದಕ್ಕೆ ಕರೆಂಟು ಕೊಟ್ಟರು. ಯುದ್ಧ ಮುಗಿದ ಮೇಲಿನ ಆ ಸದ್ದೇ ಮುಂದೆ ರಾಕ್ ಅಂಡ್ ರೋಲ್ ಎನಿಸಿಕೊಂಡಿತು. ಅಂಗಡಿಗಳಲ್ಲಿ ಕಪ್ಪು ಜನರ ರೆಕಾರ್ಡುಗಳಿಗೆ ಬೇರೆ ಕಪಾಟು. ಆದರೆ ರೇಡಿಯೋಗೆ ಬೇಲಿ ಹಾಕಲಾಗುವುದಿಲ್ಲವಲ್ಲ. ಬಿಳಿಯರ ಮನೆಯ ಮಕ್ಕಳು ಬಾಗಿಲು ಹಾಕಿಕೊಂಡು ಕೇಳಿದರು, ಅಪ್ಪನ ಕಾರಿನಲ್ಲಿ ಕೇಳಿದರು. ಅವರ ಕೈಯಲ್ಲಿ ಆಗ ಖರ್ಚಿಗೆ ಕಾಸಿತ್ತು, ಮಕ್ಕಳೂ ಅಲ್ಲದ ದೊಡ್ಡವರೂ ಅಲ್ಲದ ವಯಸ್ಸೊಂದಕ್ಕೆ ಹೊಸದಾಗಿ ಟೀನೇಜ್ ಎಂಬ ಹೆಸರೂ ಸಿಕ್ಕಿತ್ತು. ಹಿರಿಯರು ಇದು ಸೈತಾನನ ಸಂಗೀತ ಎಂದು ಹೌಹಾರಿದರು. ಎಷ್ಟೋ ಸಲ ಕಪ್ಪು ಗಾಯಕ ಹಾಡಿದ್ದನ್ನೇ ಬಿಳಿಯ ಗಾಯಕ ಮತ್ತೆ ನಯವಾಗಿ ಹಾಡಿ ಹೆಸರು ಮಾಡಿದ. ಮೊದಲು ಹಾಡಿದವನ ರೆಕಾರ್ಡು ಹೋಟೆಲಿನ ಯಂತ್ರದಲ್ಲಿ ಸವೆದು, ಗುಜರಿಗೆ ಬಿದ್ದು, ಬಂದರಿಗೆ ಬಂದು, ಕಡಲು ದಾಟಿ, ಮಂಗಳೂರಿನಲ್ಲಿ ಇಬ್ಬರು ನರ್ಸು ಹುಡುಗಿಯರ ಕೈಗೆ ಸಿಕ್ಕಿತು. ನಮ್ಮವನು ಹಾಗೆ ಹಿಂದೆ ಉಳಿದವರಲ್ಲಿ ಒಬ್ಬ ಎಂದು ನನ್ನ ಊಹೆ. ಪುರಾವೆ ಇಲ್ಲ.

ವಾದಿ ಕಬೀರಿನ ಆ ಬೀದಿಯಲ್ಲಿ ನಾಲ್ಕು ಜನ ಒಂದು ಕಾರು ಹಂಚಿಕೊಂಡು ಕೆಲಸಕ್ಕೆ ಹೋಗುವುದನ್ನು ನೋಡುತ್ತ, ಅವನ ಹೋಟೆಲು ಇಂಥದ್ದೇ ಬೀದಿಯಲ್ಲಿ ಇದ್ದಿರಬೇಕು ಅನಿಸಿತು. ಮೊಯ್ದಿನ್ ಅವರ ಬೆಂಚಿನ ಮೇಲಿನ ರೇಡಿಯೋದಲ್ಲಿ ಯಾರೋ ಮಲಯಾಳದಲ್ಲಿ ಊರು ನೆನೆದು ಹಾಡುತ್ತಿದ್ದರು.

ಮತ್ತೆ ಹಮ್ರಿಯಾ

ಅಂದೇ ಸಂಜೆ ಪೆಟ್ಟಿಗೆಯನ್ನು ಫ್ಲೋರಿಯ ಕುರ್ಚಿಯ ಮುಂದಿಟ್ಟೆ. ನೈಲಾನ್ ಬಿಲ್ಲೆ, ಅದರ ಮೇಲೆ ರೆಕಾರ್ಡು, ಅದರ ಮೇಲೆ ಮುಳ್ಳು. ಕರಕರ ಸದ್ದು. ಆಮೇಲೆ ಪಿಯಾನೊ, ಆಮೇಲೆ ಅವನು.

ನಾನು ಅವಳ ಮುಖ ನೋಡಲಿಲ್ಲ. ಅಲ್ಲಿ ಏನೂ ಸಿಗದು ಎಂದು ಗೊತ್ತು. ಪಾದ ನೋಡಿದೆ. ಪಾದ ಸುಮ್ಮನಿತ್ತು. ಹಾಡು ಮುಗಿಯಿತು.

"ಇವ ಬೇರೆ ಯಾರೋ," ಎಂದಳು.

"ಎಂಥ ಬೇರೆ? ಗೀರು ಕೇಳಲಿಲ್ಲವಾ? ಎರಡನೆಯ ಚರಣದಲ್ಲಿ ಟಕ್ ಅಂತ? ಅದೇ ರೆಕಾರ್ಡು."

"ಗೀರು ಅದೇ. ಮನುಷ್ಯ ಅವನಲ್ಲ."

ಮತ್ತೆ ಹಾಕಿದೆ. ನಾನು ಒಪ್ಪಿಕೊಳ್ಳಲಿಲ್ಲವಾದರೂ ನನಗೂ ಹಾಗೇ ಅನಿಸಿತು. ಹಾಡು ಚೊಕ್ಕಟವಾಗಿ, ಇಸ್ತ್ರಿ ಹಾಕಿದ ಹಾಗೆ ನೇರವಾಗಿ ಬರುತ್ತಿತ್ತು. ಯಾರೋ ಮರ್ಯಾದಸ್ಥರು ಬಂದು ಕುಳಿತು ಎದ್ದು ಹೋದ ಹಾಗೆ. ಇಷ್ಟು ವರ್ಷ ಲಂಗದ ಬಟ್ಟೆಯಲ್ಲಿ ಸುತ್ತಿ ಕಾಪಾಡಿದ್ದು ಇದನ್ನೇ? ಕಿವಿಗೆ ವಯಸ್ಸಾಯಿತು ಎಂದುಕೊಂಡೆ. ನಮ್ಮ ಇಬ್ಬರಿಗೂ.

"ಮ್ಯೂಸಿಕ್ ಇಸ್ ಓಕೆ" ಎಂದು ರಿಯಾ ಸಮಾಧಾನ ಹೇಳಿದಳು. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

ಮತ್ರಾ ಕಡಲದಂಡೆ

ಮರುದಿನ ಅನಿತಾ ನಮ್ಮನ್ನು ಮತ್ರಾಕ್ಕೆ ಕರೆದೊಯ್ದಳು. ಫ್ಲೋರಿಯನ್ನು ಇಬ್ಬರು ಎತ್ತಿ ಕಾರಿನಲ್ಲಿ ಕೂರಿಸಿದೆವು. ದಂಡೆಯ ಪಕ್ಕ ನಿಲ್ಲಿಸಿ ಗಾಜು ಇಳಿಸಿದಳು. ಬಿಳಿಯ ಮನೆಗಳು, ಮರದ ಹಡಗುಗಳು, ಕಡಲ ಹಕ್ಕಿಗಳು. ನಮ್ಮ ಬಂದರಿನ ಬಂಗುಡೆ ವಾಸನೆ ಇಲ್ಲಿ ಇಲ್ಲ. ಇಲ್ಲಿಯದು ಸಾಂಬ್ರಾಣಿಯ ಹೊಗೆ.

ಸ್ವಲ್ಪ ದೂರದಲ್ಲಿ ಯಾವುದೋ ಸಮಾರಂಭ. ಬಿಳಿಯ ನಿಲುವಂಗಿಯ ಗಂಡಸರು ಡೋಲುಗಳ ಸುತ್ತ ವೃತ್ತವಾಗಿ ಹೆಜ್ಜೆ ಹಾಕುತ್ತಿದ್ದರು. ನಡುವೆ ಒಬ್ಬ ನಮ್ಮ ವಾಲಗದ ತಮ್ಮನಂಥ ವಾದ್ಯ ಊದುತ್ತಿದ್ದ.

"ಲೇವಾ ಅಂತಾರೆ ಆಂಟಿ. ಇವರಲ್ಲಿ ತುಂಬ ಜನರ ಹಿರಿಯರು ಆಫ್ರಿಕಾದ ಕರಾವಳಿಯಿಂದ ಬಂದವರು," ಎಂದಳು ಅನಿತಾ.

ಡೋಲಿನ ಪೆಟ್ಟು ಕಾರಿನ ಬಾಗಿಲಿಗೂ ತಾಗುತ್ತಿತ್ತು. ಮೊದಲ ಪೆಟ್ಟಿನ ಮೇಲಲ್ಲ, ನಂತರದ್ದರ ಮೇಲೆ ಭಾರ, ನಮ್ಮ ರೆಕಾರ್ಡಿನಲ್ಲಿದ್ದ ಹಾಗೆ. ಆಫ್ರಿಕಾದ ಆ ಕರಾವಳಿಯಿಂದ ಕೆಲವರನ್ನು ಹಾಯಿ ಹಡಗಿನಲ್ಲಿ ಈ ಕಡೆ ತಂದರು. ಆಫ್ರಿಕಾದ ಇನ್ನೊಂದು ಬದಿಯಿಂದ ಕೆಲವರನ್ನು ಸರಪಳಿ ಹಾಕಿ ಅಮೆರಿಕಕ್ಕೆ ಒಯ್ದರು. ಎಲ್ಲರೂ ಇಷ್ಟಪಟ್ಟು ಹೊರಟವರಲ್ಲ. ಅವರು ಕೈಯಲ್ಲಿ ಏನೂ ಒಯ್ಯುವಂತಿರಲಿಲ್ಲ. ಎರಡೂ ಕಡೆ ತಲುಪಿದ್ದು ಪೆಟ್ಟು ಎಲ್ಲಿ ಬೀಳಬೇಕೆಂಬ ಜ್ಞಾಪಕ ಮಾತ್ರ. ವಿಮಾನ ನಿಲ್ದಾಣದ ಆ ತರುಣನ ಅಜ್ಜನ ನೆನಪಾಯಿತು.

ವೃತ್ತದಲ್ಲಿ ಒಬ್ಬ ಮುದುಕನಿದ್ದ. ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದ. ಪ್ರತಿ ಸುತ್ತಿಗೂ ಸ್ವಲ್ಪ ಬಗ್ಗಿ, ಹಿಂದೆ ಬಿದ್ದು, ಮತ್ತೆ ಮೇಲೆದ್ದು ಎಲ್ಲರ ಜೊತೆ ಕೂಡಿಕೊಳ್ಳುತ್ತಿದ್ದ. ಅವನನ್ನು ನೋಡುತ್ತಿದ್ದಾಗ ಗಾಜಿನ ಅಂಚಿನ ಮೇಲೆ ಟಕ್ ಟಕ್ ಸದ್ದು ಕೇಳಿತು. ಫ್ಲೋರಿಯ ಬೆರಳು.

"ನಮ್ಮವನೂ ಹೀಗೇ," ಎಂದಳು.

"ಯಾರು?"

"ರೆಕಾರ್ಡಿನವ. ಒಂದು ಕಾಲು ಎಳೆಯುತ್ತಿದ್ದ."

ಆಗ ನನಗೆ ಹೊಳೆಯಿತು. ಕಾಯಿಸಿದ ಸೂಜಿಯಿಂದ ಅವಳು ಕೊರೆದ ತೂತು ನಡುವಿನಲ್ಲಿ ಇರಲೇ ಇಲ್ಲ! ರೆಕಾರ್ಡು ಓಲಾಡುತ್ತ ತಿರುಗುತ್ತಿತ್ತು. ಪ್ರತಿ ಸುತ್ತಿಗೂ ಅವನ ದನಿ ಒಮ್ಮೆ ಬಗ್ಗಿ ಒಮ್ಮೆ ಏಳುತ್ತಿತ್ತು. ಅಮೆರಿಕದಲ್ಲಿ ಹಾಡುವ ರೀತಿಯೇ ಹಾಗೆ ಎಂದು ನಾವು ತಿಳಿದೆವು. ಅದಕ್ಕೆ ಸರಿಯಾಗಿ ಮಂಡಿ ಬಗ್ಗಿಸಿ ಕುಣಿಯಲು ಕಲಿತೆವು, ಹಾಸ್ಟೆಲಿಗೆಲ್ಲ ಕಲಿಸಿದೆವು. ನಮ್ಮ ಬ್ಯಾಚಿನ ನರ್ಸುಗಳು ಮುಂದೆ ಯಾವ ಮದುವೆಯಲ್ಲಿ ಕುಣಿದರೂ ಗುರುತು ಸಿಗುತ್ತಿದ್ದರಂತೆ. ಕೆಸರು ದಾಟುವವರ ಹಾಗೆ ಕುಣಿಯುತ್ತಾರೆ ಎಂದು ಫ್ಲೋರಿಯ ಗಂಡ ಮದುವೆಯ ದಿನವೇ ತಮಾಷೆ ಮಾಡಿದ್ದನ್ನು ಅವಳೇ ಹೇಳಿದ್ದಳು.

"ಅನಿತಾ, ಮನೆಗೆ ನಡಿ," ಎಂದೆ.

"ಈಗಷ್ಟೇ ಬಂದೆವಲ್ಲ ಆಂಟಿ!"

"ಯಲ್ಲಾ," ಎಂದಳು ಹಿಂದಿನ ಸೀಟಿನಿಂದ ಫ್ಲೋರಿ.

ಶುಕ್ರವಾರ

ಅಂದು ತಡವಾಗಿತ್ತು. ಮರುದಿನ ಶುಕ್ರವಾರ, ಅಲ್ಲಿಯ ರಜೆ. ಅನಿತಾ ಇಗರ್ಜಿಗೆ ಹೋಗಿ ಬಂದು ಊಟವಾಗುವ ತನಕ ನಾನು ರಬ್ಬರ್ ಹುಡುಕಿದೆ. ಈಗ ಸಲೈನ್ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ. ಬಿರಡೆ ಇಲ್ಲ. ಮನೆಯ ಬಾಟಲಿಗಳಿಗೆಲ್ಲ ತಿರುಪಿನ ಮುಚ್ಚಳ. ಎರೇಸರ್ ಮೆತ್ತಗೆ, ಚಪ್ಪಲಿಯ ಅಟ್ಟೆ ತೆಳು.

ನನ್ನ ಕಣ್ಣು ವಾಕರಿನ ಮೇಲೆ ಬಿತ್ತು. ಅದರ ನಾಲ್ಕು ಕಾಲಿಗೂ ದಪ್ಪ ಕರಿಯ ರಬ್ಬರಿನ ಬೂಟು.

ಒಂದನ್ನು ಕಿತ್ತೆ. ಅಡುಗೆಮನೆಯ ಕತ್ತಿಯಿಂದ ತಳ ಕತ್ತರಿಸುತ್ತಿದ್ದಾಗ ಅನಿತಾ ಬಂದಳು.

"ಆಂಟಿ! ವಾಕರ್! ಹೊಸತು ಅದು!"

"ಹೊಸತೇ. ಯಾರೂ ಮುಟ್ಟಿಲ್ಲವಲ್ಲ."

"ನೀವೇ ಹೀಗೆ ಮಾಡಿದರೆ..."

"ದಪ್ಪ ಸೂಜಿ ಕಾಯಿಸಿ ತಾ."

ಜೀವಮಾನವೆಲ್ಲ ಆಸ್ಪತ್ರೆಯ ಸಾಮಾನು ಹಾಳು ಮಾಡಿದವರನ್ನು ಬೈದವಳು ನಾನು. ಸುಟ್ಟ ರಬ್ಬರಿನ ವಾಸನೆ ಏಳುತ್ತಿದ್ದಂತೆ ಕುರ್ಚಿಯಿಂದ ಫ್ಲೋರಿ ಮೂಗರಳಿಸಿ, "ಹಾಸ್ಟೆಲು," ಎಂದಳು. ಅಂಟುಪಟ್ಟಿ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಸುತ್ತಿ ದಪ್ಪ ಮಾಡಿದೆ. ತೂತು ಎಲ್ಲಿ ಎಂದು ಅವಳನ್ನೇ ಕೇಳಿದೆ. ಬೆರಳನ್ನು ನಡುವಿನಿಂದ ಸ್ವಲ್ಪ ಆಚೆ ಇಟ್ಟು, "ಇಲ್ಲಿ" ಎಂದಳು.

ಅವಳನ್ನು ಎಬ್ಬಿಸಿ ನಿಲ್ಲಿಸಿದೆ. ಅನಿತಾಗೆ, "ಹಿಂದೆ ಕುರ್ಚಿ ಹಿಡಿದುಕೊಂಡು ನಿಲ್ಲು, ಬಾಯಿ ಮುಚ್ಚಿಕೊ" ಎಂದೆ. ರಿಯಾ ಮುಳ್ಳು ಇಳಿಸಿದಳು.

ಕರಕರ. ಪಿಯಾನೊ, ಕುಡಿದವನ ಹಾಗೆ ಒಂದು ಸಲ ತೂಗಿ. ಆಮೇಲೆ ಅವನು. ಅವನೇ! ದನಿ ಬಗ್ಗಿತು, ಎದ್ದಿತು, ಬಗ್ಗಿತು. ಶನಿವಾರ ಬರುತ್ತೇನೆ, ಬಾಗಿಲ ಬಳಿ ನಿಂತಿರು.

ನಾನು ಎಡಗೈ ಚಾಚಿದೆ. ಅವಳು ಹಿಡಿದಳು. ಎಡ, ಬಲ ಎಂದು ಹೇಳಲು ಹೊರಟಿದ್ದ ಬಾಯಿ ಮುಚ್ಚಿಕೊಂಡೆ. ಜೈವ್ ಶುರುವಾಗುವುದು ಮುಂದಕ್ಕೆ ಅಲ್ಲವಲ್ಲ. ಮೊದಲು ಹಿಂದಕ್ಕೆ ಒಂದು ಹೆಜ್ಜೆ, ಆಮೇಲೆ ತೂಗಿ ಮುಂದಕ್ಕೆ. ಇಷ್ಟು ದಿನ ಅವಳನ್ನು ಮುಂದಕ್ಕೆ ನೂಕುತ್ತಿದ್ದೆ. ಈಗ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ನನ್ನ ಕೈಯ ಎಳೆತಕ್ಕೆ ಎದುರಾಗಿ ಅವಳೂ ತನ್ನ ಬೆನ್ನ ಕಡೆಗೆ ತೂಗಿದಳು. ಬಲಗಾಲು ನೆಲದಿಂದ ಕಿತ್ತು ಬಂತು. ಹಿಂದಕ್ಕೆ. ದನಿ ಬಗ್ಗಿತು, ಮಂಡಿ ಬಗ್ಗಿತು. ದನಿ ಎದ್ದಿತು, ಅವಳು ನನ್ನ ಕಡೆಗೆ ಬಂದಳು.

ಕುಣಿತ ಎಂದರೆ ನೋಡಿದವರು ನಗುತ್ತಾರೆ. ಹಾಸಿಗೆ ಹಾಸುವ ಜಾಗದಷ್ಟರಲ್ಲಿ ಇಬ್ಬರು ಮುದುಕಿಯರು ಹಿಂದೆ ಮುಂದೆ ತೂಗಿದೆವು, ಅಷ್ಟೇ. ಹೆಜ್ಜೆಗಳು ಚಿಕ್ಕವು. ಆದರೆ ಎಲ್ಲವೂ ಅವಳವು. ಹುಡುಗಿಯನ್ನು ತಿರುಗಿಸುವ ಜಾಗ ಬಂದಾಗ, ಹಾಸ್ಟೆಲಿನಲ್ಲಿ ಮಾಡುತ್ತಿದ್ದಂತೆ ನನ್ನ ಅಂಗೈಯನ್ನು ಎರಡು ಸಲ ಒತ್ತಿದಳು: ತಿರುಗಿಸು ಎಂದು. ತಿರುಗಿಸುವಂತಿರಲಿಲ್ಲ. ನಾನೂ ಎರಡು ಸಲ ಒತ್ತಿದೆ. ಗೀರು ಬಂತು, ಟಕ್ ಎಂದಿತು. ಅವಳ ಮುಖ ಗೋಡೆಯ ಹಾಗೆ ನಿಶ್ಚಲವಾಗಿತ್ತು. ಕೈ ಮಾತ್ರ ನಗುತ್ತಿತ್ತು.

ಹಾಡು ಮುಗಿಯುವಾಗ ನಾವು ಬಾಗಿಲ ಬಳಿ ಇದ್ದೆವು. ಅನಿತಾ ಕುರ್ಚಿ ಹೊತ್ತುಕೊಂಡು ಅಲ್ಲಿಯ ತನಕ ಬಂದಿದ್ದಳು, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಅಜ್ಜಿ," ಎಂದಳು ರಿಯಾ. ಆಮೇಲೆ ಕನ್ನಡದಲ್ಲಿ, "ಇನ್ನೊಮ್ಮೆ ಹಾಕಲಾ?"

"ಹಾಕು. ಇವಳು ಈಗಲೂ ಕಾಲು ತುಳಿಯುತ್ತಾಳೆ," ಎಂದಳು ಫ್ಲೋರಿ.

ಊರು

ನಾನು ನರ್ಸು, ಸುಳ್ಳು ಹೇಳುವುದಿಲ್ಲ. ಆ ಕಾಯಿಲೆ ಹಿಂದಕ್ಕೆ ಹೋಗುವಂಥದ್ದಲ್ಲ. ಕೆಲವು ದಿನ ಅವಳು ಕುರ್ಚಿಯಿಂದ ಬಾಗಿಲಿಗೆ ಬರುತ್ತಾಳೆ, ಕೆಲವು ದಿನ ಇಲ್ಲ. ಅವಳನ್ನು ಎಬ್ಬಿಸುವ ಮೊದಲು ಒಮ್ಮೆ ಹಿಂದಕ್ಕೆ ತೂಗಿಸುವುದನ್ನು ಅನಿತಾ ಕಲಿತುಕೊಂಡಿದ್ದಾಳೆ. ವಾಕರಿಗೆ ಮೊಯ್ದಿನ್ ಬೇರೆ ಬೂಟು ಹಾಕಿಕೊಟ್ಟರು. ಹಾಕುವಾಗ, "ನನ್ನ ನೈಲಾನ್ ಬಿಲ್ಲೆ ಎಂತ ಪಾಪ ಮಾಡಿತ್ತು ಅಮ್ಮ?" ಎಂದು ಕೇಳಿದರು. ಹೇಳಿದೆ. ತುಂಬ ಹೊತ್ತು ತಲೆ ಅಲ್ಲಾಡಿಸಿದರು.

ರೆಕಾರ್ಡನ್ನು ಅಲ್ಲೇ ಬಿಟ್ಟು ಬಂದೆ. ಹೊರಡುವಾಗ ಫ್ಲೋರಿ, "ಇನ್ನು ನೀನು ಬರಲಿಕ್ಕೆ ಕಾರಣ ಇಲ್ಲವಲ್ಲ," ಎಂದಳು. ಅದಕ್ಕೆ ನೈಲಾನ್ ಬಿಲ್ಲೆಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಸರೀ ನಡುವಿನಲ್ಲಿ ತೂತಿರುವ, ಯಾವುದಕ್ಕೂ ಬೇಡವಾದ ಬಿಲ್ಲೆ. "ಇದು ನನ್ನ ಹತ್ತಿರ ಇರಲಿ" ಎಂದೆ. ತಟ್ಟೆಗಳನ್ನು ಮಾತ್ರ ಬ್ಯಾಂಡೇಜು ಸುತ್ತಿ ವಾಪಸು ತಂದೆ. ಈ ಸಲ ಎಕ್ಸ್‌ರೇ ಯಂತ್ರದವರು ಏನೂ ಕೇಳಲಿಲ್ಲ.

ಶುಕ್ರವಾರ ಅಲ್ಲಿ ನಾಲ್ಕು ಗಂಟೆಯಾದಾಗ ಇಲ್ಲಿ ಐದೂವರೆ. ಅದು ನನ್ನ ವಾಕಿಂಗಿನ ಹೊತ್ತು. ಎಷ್ಟೋ ವರ್ಷಗಳಿಂದ ಬದಲಾಗದ ಆ ಹೊತ್ತನ್ನು ಬದಲಾಯಿಸಿದ್ದೇನೆ. ಫೋನು ಬರುತ್ತದೆ. ಅಲ್ಲಿ ರಿಯಾ ತನ್ನ ಫೋನನ್ನು ಪೆಟ್ಟಿಗೆಯ ಪಕ್ಕ ಇಡುತ್ತಾಳೆ. ಕರಕರ ಸದ್ದು ಶುರುವಾಗುತ್ತದೆ.

ನಾನು ಚಪ್ಪಲಿ ಬಿಟ್ಟು ಕೋಣೆಯ ನಡುವೆ ನಿಲ್ಲುತ್ತೇನೆ.

ಅವನ ದನಿ ಬಗ್ಗುತ್ತದೆ. ನಾನು ಎಡಗೈಯನ್ನು ಫ್ಲೋರಿಯ ಎತ್ತರಕ್ಕೆ ಚಾಚಿ, ಹಿಂದಕ್ಕೆ ಒಂದು ಹೆಜ್ಜೆ ಇಡುತ್ತೇನೆ.